ನೇಗಿಲ ಸಾಲಿನ ನಾಣ್ಯಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ನಾಣ್ಯಗಳನ್ನು ಕುರಿತ ಈ ಅಂಕಣಕ್ಕೆ ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಮೆಟಲ್ ಡಿಟೆಕ್ಟರ್ ಹಿಡಿದು ನಾಣ್ಯ ಹುಡುಕುವ ಹವ್ಯಾಸದ ಬಗ್ಗೆ ಇವೆ. ಅವುಗಳಲ್ಲಿ ಬಹುಪಾಲು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರವು. ಒಂದು ಮಾತ್ರ ಕೊಪ್ಪಳ ಜಿಲ್ಲೆಯಿಂದ ಬಂದದ್ದು. ಎರಡು ದೇಶಗಳ ಕಾನೂನು ಬೇರೆ ಬೇರೆಯಾಗಿರುವುದರಿಂದ ಅಲ್ಲಿಯವರಿಗೆ ಕೊಟ್ಟ ಉತ್ತರವನ್ನು ಇಲ್ಲಿಯವರು ತಮಗೆ ಅನ್ವಯಿಸಿಕೊಳ್ಳಬಾರದೆಂದು ಮೊದಲೇ ವಿನಂತಿಸುತ್ತೇನೆ.

ಪ್ರಶ್ನೆ: ನಾನು ಲೆಸ್ಟರ್ ನಗರದ ಹೊರವಲಯದಲ್ಲಿ ವಾಸವಾಗಿದ್ದೇನೆ. ನೆರೆಮನೆಯ ಹಿರಿಯರೊಬ್ಬರು ಭಾನುವಾರಗಳಂದು ಡಿಟೆಕ್ಟರ್ ಹಿಡಿದು ಹೊಲಗಳಿಗೆ ಹೋಗಿ ಹಳೆಯ ನಾಣ್ಯಗಳನ್ನು ತರುತ್ತಾರೆ. ಭಾರತೀಯ ಪ್ರಜೆಯಾದ ನಾನೂ ಇದನ್ನು ಮಾಡಬಹುದೇ? ಸಿಕ್ಕಿದ್ದು ಯಾರಿಗೆ ಸೇರುತ್ತದೆ?
— ಓದುಗರೊಬ್ಬರು, ಲೆಸ್ಟರ್

ಉತ್ತರ: ನೀವು ಯಾವ ದೇಶದ ಪ್ರಜೆ ಎಂಬುದು ಇಲ್ಲಿ ಮುಖ್ಯವಲ್ಲ, ನಿಂತಿರುವ ನೆಲ ಯಾರದು ಎಂಬುದು ಮುಖ್ಯ. ಇಂಗ್ಲೆಂಡಿನಲ್ಲಿ ಒಡೆಯನಿಲ್ಲದ ನೆಲವೆಂಬುದು ಇಲ್ಲವೆಂದೇ ತಿಳಿಯಿರಿ. ಊರ ಉದ್ಯಾನವು ಕೌನ್ಸಿಲ್‌ಗೆ ಸೇರಿದ್ದು, ಕಾಲುದಾರಿ ಹಾದುಹೋಗುವ ಹೊಲವು ರೈತನದು ಅಥವಾ ಅವನಿಗೆ ಗೇಣಿಗೆ ಕೊಟ್ಟ ಜಮೀನ್ದಾರನದು. ಅನುಮತಿಯಿಲ್ಲದೆ ಅಗೆದು ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡರೆ ಅದು ಕಳ್ಳತನವೇ ಆಗುತ್ತದೆ. ಆದ್ದರಿಂದ ಒಡೆಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಗೇಣಿದಾರನಿದ್ದರೆ ಅವನ ಒಪ್ಪಿಗೆಯೂ ಇರಲಿ, ಸಿಕ್ಕಿದ್ದರಲ್ಲಿ ಯಾರಿಗೆಷ್ಟು ಪಾಲು ಎಂಬುದನ್ನು ಮೊದಲ ದಿನವೇ ಬರೆದಿಡಿ. ರೈತರು ಅಪರಿಚಿತರಿಗೆ ಸುಲಭವಾಗಿ ಒಪ್ಪುವುದಿಲ್ಲ. ನಿಮ್ಮ ನೆರೆಯವರಂತಹ ಅನುಭವಿಗಳ ಜೊತೆಗೆ, ಸ್ಥಳೀಯ ಕ್ಲಬ್ಬಿನ ಸದಸ್ಯರಾಗಿ ಹೋಗುವುದೇ ಸರಿಯಾದ ಆರಂಭ. ರಾಷ್ಟ್ರೀಯ ಮೆಟಲ್ ಡಿಟೆಕ್ಟಿಂಗ್ ಕೌನ್ಸಿಲ್‌ನ ಸದಸ್ಯರಾದರೆ ವಿಮೆಯೂ ದೊರೆಯುತ್ತದೆ, ಮತ್ತು ವಿಮೆ ಇದೆಯೇ ಎಂದು ಅನೇಕ ರೈತರು ಕೇಳಿಯೇ ಕೇಳುತ್ತಾರೆ.

ಅನುಮತಿ ಇದ್ದರೂ ಕಾಲಿಡಬಾರದ ಜಾಗಗಳಿವೆ. 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಪಟ್ಟಿಯಾಗಿರುವ ತಾಣಗಳಲ್ಲಿ ಸರ್ಕಾರದ ಒಪ್ಪಿಗೆಯಿಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ. ಏನೂ ಸಿಗದಿದ್ದರೂ ಅಪರಾಧವೇ. ಇಂತಹ ತಾಣ ಅನೇಕ ವೇಳೆ ಸಾಮಾನ್ಯ ಹುಲ್ಲುಗಾವಲಿನಂತೆಯೇ ಕಾಣುವುದರಿಂದ ಹೊರಡುವ ಮೊದಲು ನಕ್ಷೆ ನೋಡಿಕೊಳ್ಳುವುದು ಕಡ್ಡಾಯವೆಂದು ಭಾವಿಸಿ.

ಇನ್ನು ಒಡೆತನದ ಪ್ರಶ್ನೆ. ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ 1996ರ ನಿಧಿ ಕಾಯ್ದೆ ನಡೆಯುತ್ತದೆ. ಒಂದೇ ಕಡೆ ಸಿಕ್ಕ, 300 ವರ್ಷಕ್ಕಿಂತ ಹಳೆಯದಾದ ಎರಡು ಅಥವಾ ಹೆಚ್ಚು ಚಿನ್ನ, ಬೆಳ್ಳಿಯ ನಾಣ್ಯಗಳು ನಿಧಿಯೆನಿಸುತ್ತವೆ; ತಾಮ್ರ, ಕಂಚಿನಂತಹ ಲೋಹದವಾದರೆ ಹತ್ತಾದರೂ ಇರಬೇಕು. ಬಿಡಿಯಾಗಿ ಸಿಕ್ಕ ಒಂಟಿ ನಾಣ್ಯ ಸಾಮಾನ್ಯವಾಗಿ ನಿಧಿಯಲ್ಲ, ಅದು ನಿಮ್ಮ ಮತ್ತು ನೆಲದ ಒಡೆಯರ ನಡುವಿನ ಒಪ್ಪಂದದಂತೆ ನಡೆಯುತ್ತದೆ. 2023ರಲ್ಲಿ ಈ ಕಾಯ್ದೆಯ ವ್ಯಾಪ್ತಿಯನ್ನು ಹಿಗ್ಗಿಸಿ, 200 ವರ್ಷ ದಾಟಿದ ಮತ್ತು ಇತಿಹಾಸದ ದೃಷ್ಟಿಯಿಂದ ಅಸಾಧಾರಣವೆನಿಸುವ ಲೋಹದ ವಸ್ತುಗಳನ್ನೂ ಸೇರಿಸಲಾಗಿದೆ. ನಿಧಿಯೆಂದು ತೋರಿದ್ದನ್ನು 14 ದಿನಗಳೊಳಗೆ ಆ ಪ್ರಾಂತ್ಯದ ವಿಚಾರಣಾಧಿಕಾರಿಯಾದ ಕಾರನರ್‌ಗೆ ತಿಳಿಸಬೇಕು. ವಸ್ತುಸಂಗ್ರಹಾಲಯವೊಂದು ಅದನ್ನು ಪಡೆಯಲು ಬಯಸಿದರೆ ಸ್ವತಂತ್ರ ಸಮಿತಿಯೊಂದು ಬೆಲೆ ಕಟ್ಟಲು ನೆರವಾಗುತ್ತದೆ, ಆ ಹಣ ಸಾಮಾನ್ಯವಾಗಿ ಹುಡುಕಿದವರಿಗೂ ನೆಲದ ಒಡೆಯರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಸ್ಕಾಟ್ಲೆಂಡಿನ ನಿಯಮ ಬೇರೆ; ಅಲ್ಲಿ ಪ್ರಾಚೀನ ಮಹತ್ವದ ಯಾವ ವಸ್ತುವೇ ಸಿಗಲಿ, ಒಂದೇ ನಾಣ್ಯವಾಗಲಿ, ವರದಿ ಮಾಡಲೇಬೇಕು. ಉತ್ತರ ಐರ್ಲೆಂಡಿನಲ್ಲಿ ಪ್ರಾಚೀನ ವಸ್ತುಗಳಿಗಾಗಿ ಅಗೆಯುವುದಕ್ಕೇ ಪರವಾನಗಿ ಬೇಕು.

ನಿಧಿಯಲ್ಲದ ವಸ್ತುಗಳನ್ನು ದಾಖಲಿಸಲು ಬ್ರಿಟಿಷ್ ಮ್ಯೂಸಿಯಂ ನಡೆಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ವ್ಯವಸ್ಥೆ 1997ರಿಂದ ಇದೆ. ಪ್ರತಿ ಪ್ರಾಂತ್ಯದಲ್ಲೂ ಅದರ ಅಧಿಕಾರಿಯೊಬ್ಬರಿರುತ್ತಾರೆ. ನೀವು ನಾಣ್ಯವನ್ನೂ ಅದು ಸಿಕ್ಕ ಜಾಗದ ನಕ್ಷಾಂಕವನ್ನೂ ಒಪ್ಪಿಸಿದರೆ ಅವರು ಗುರುತಿಸಿ, ಫೋಟೋ ತೆಗೆದು, ದಾಖಲಿಸಿ ಹಿಂದಿರುಗಿಸುತ್ತಾರೆ. ಇದು ಕಡ್ಡಾಯವಲ್ಲ. ಆದರೂ ಇದನ್ನು ಮಾಡದವರನ್ನು ನಾನು ಹವ್ಯಾಸಿಗಳೆಂದು ಕರೆಯಲಾರೆ. ನಾಣ್ಯ ಯಾವ ಅರಸನದೆಂದು ಅದರ ಮೇಲಿನ ಅಕ್ಷರಗಳೇ ಹೇಳುತ್ತವೆ. ಅದು ಆ ಹೊಲಕ್ಕೆ ಹೇಗೆ ಬಂತು, ಸುತ್ತ ಬೇರೇನಿತ್ತು ಎಂಬುದನ್ನು ಹೇಳುವುದು ಅದು ಬಿದ್ದಿದ್ದ ಜಾಗ ಮಾತ್ರ.

ಎರಡು ಪ್ರಸಂಗಗಳನ್ನು ನೋಡಿ. 1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತ್ಯದ ಹಾಕ್ಸ್‌ನಿ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬವರು, ರೈತ ಗೆಳೆಯ ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಡಿಟೆಕ್ಟರಿನಿಂದ ಹುಡುಕಲು ಹೋಗಿದ್ದರು. ಯಂತ್ರ ಕೂಗಿದ ಕಡೆ ರೋಮನ್ ಕಾಲದ ಚಿನ್ನ, ಬೆಳ್ಳಿಯ ನಾಣ್ಯಗಳೂ ಚಮಚಗಳೂ ಬರತೊಡಗಿದಾಗ ಅವರು ಎಲ್ಲವನ್ನೂ ಬಾಚಿಕೊಳ್ಳದೆ ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಪುರಾತತ್ವ ತಜ್ಞರು ಬಂದು ಅಗೆದುದರಿಂದ, ಸುಮಾರು 15 ಸಾವಿರ ನಾಣ್ಯಗಳ ಆ ಸಂಪತ್ತನ್ನು ಮರದ ಪೆಟ್ಟಿಗೆಯೊಂದರಲ್ಲಿ ಹೇಗೆ ಜೋಡಿಸಿಡಲಾಗಿತ್ತು ಎಂಬುದೂ ತಿಳಿಯಿತು. 17.5 ಲಕ್ಷ ಪೌಂಡುಗಳ ಬಹುಮಾನವನ್ನು ಲಾಸ್ ರೈತ ಗೆಳೆಯನೊಂದಿಗೆ ಹಂಚಿಕೊಂಡರು. ಅಂದ ಹಾಗೆ ಸುತ್ತಿಗೆಯೂ ಸಿಕ್ಕಿತು, ಈಗ ಅದೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಎರಡನೆಯದು ಇದಕ್ಕೆ ವಿರುದ್ಧವಾದದ್ದು. 2015ರಲ್ಲಿ ಹೆರೆಫರ್ಡ್‌ಶೈರ್‌ನ ಲೆಮ್‌ಸ್ಟರ್ ಬಳಿ ವೈಕಿಂಗ್ ಕಾಲದ ನಿಧಿಯೊಂದು ಸಿಕ್ಕಿದಾಗ ಹುಡುಕಿದ ಇಬ್ಬರು ಅದನ್ನು ಮುಚ್ಚಿಟ್ಟು ಬಿಡಿಬಿಡಿಯಾಗಿ ಮಾರಿದರು. 2019ರಲ್ಲಿ ಇಬ್ಬರಿಗೂ ಜೈಲು ಶಿಕ್ಷೆಯಾಯಿತು. ಸುಮಾರು 300 ನಾಣ್ಯಗಳಿದ್ದಿರಬಹುದೆಂದು ಅಂದಾಜಿದ್ದರೂ ಆಗ ವಶವಾದದ್ದು ಅದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಉಳಿದ ಕೆಲವೇ ನಾಣ್ಯಗಳಲ್ಲಿ, ಆಗಿನ ಇಂಗ್ಲೆಂಡಿನ ನೆರೆ ರಾಜ್ಯಗಳಾದ ವೆಸೆಕ್ಸ್, ಮರ್ಸಿಯಾಗಳ ದೊರೆಗಳು, ಅಂದರೆ ಆಲ್ಫ್ರೆಡ್ ಮತ್ತು ಎರಡನೆಯ ಚೆಯೊಲ್‌ವುಲ್ಫ್ ಒಂದೇ ಮಾದರಿಯಲ್ಲಿ ಟಂಕಿಸಿದವು ಇದ್ದವು. ನಂತರದ ವೆಸೆಕ್ಸಿನ ಬರಹಗಾರರು ವೈಕಿಂಗರ ಕೈಗೊಂಬೆಯೆಂದು ಹಳಿದ ಚೆಯೊಲ್‌ವುಲ್ಫ್ ಆಲ್ಫ್ರೆಡನ ಮಿತ್ರನಾಗಿದ್ದನೆಂಬುದಕ್ಕೆ ಅವು ಸಾಕ್ಷಿ. ಚದುರಿಹೋದ ನಾಣ್ಯಗಳು ಇನ್ನೇನು ಹೇಳುತ್ತಿದ್ದವೋ.

ಪ್ರಶ್ನೆ: ಕೆಲವು ನೂರು ಪೌಂಡು ಕೊಟ್ಟು ಹೊಸ ಯಂತ್ರ ತಂದಿದ್ದೇನೆ. ಪರದೆಯ ಮೇಲೆ ಅಂಕಿಗಳು ಬರುತ್ತವೆ. ಒಳ್ಳೆಯ ಅಂಕಿ ಬಂದ ಕಡೆಯೆಲ್ಲ ಅಗೆದರೆ ತಂಪುಪಾನೀಯದ ಡಬ್ಬಿಯ ಉಂಗುರಗಳೇ ಸಿಗುತ್ತಿವೆ. ಯಂತ್ರ ಕೆಟ್ಟಿದೆಯೇ?
— ಓದುಗರೊಬ್ಬರು, ಮಿಲ್ಟನ್ ಕೀನ್ಸ್

ಉತ್ತರ: ಕೆಟ್ಟಿಲ್ಲ, ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಕೆಳಗಿನ ತಟ್ಟೆಯಲ್ಲಿರುವ ತಂತಿಯ ಸುರುಳಿ (ಕಾಯಿಲ್) ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳುಹಿಸುತ್ತದೆ. ಅದು ತಾಗಿದ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ, ಆ ವಿದ್ಯುತ್ತು ತನ್ನದೇ ಆದ ಕ್ಷೀಣ ಕ್ಷೇತ್ರವನ್ನು ಮೇಲಕ್ಕೆ ಕಳುಹಿಸುತ್ತದೆ. ಈ ಮರುದನಿ ಎಷ್ಟು ತಡವಾಗಿ ಬಂತು ಎಂಬುದನ್ನು ಅಳೆದು ಯಂತ್ರ ಅಂಕಿ ತೋರಿಸುತ್ತದೆ. ಅಂದರೆ ಅದು ಅಳೆಯುವುದು ವಸ್ತುವಿನ ವಾಹಕತೆ, ಗಾತ್ರ, ದಪ್ಪಗಳ ಒಟ್ಟು ಪರಿಣಾಮವನ್ನು; ಲೋಹದ ಹೆಸರನ್ನಲ್ಲ. ಅಲ್ಯೂಮಿನಿಯಂ ಉಂಗುರವೂ ಚಿನ್ನದ ಉಂಗುರವೂ ಹತ್ತಿರ ಹತ್ತಿರದ ಅಂಕಿಯನ್ನೇ ಕೊಡುವುದರಿಂದ ಒಂದನ್ನು ಬಿಟ್ಟರೆ ಇನ್ನೊಂದನ್ನೂ ಬಿಟ್ಟಂತೆ. ಮಧ್ಯಯುಗದ, ಸುತ್ತಿಗೆಯಲ್ಲಿ ಹೊಡೆದು ಮಾಡಿದ ಬೆಳ್ಳಿ ನಾಣ್ಯ ಬೆರಳುಗುರಿನಷ್ಟು ತೆಳುವಾಗಿರುತ್ತದೆ. ಬೆಳ್ಳಿಯಾದರೂ ಅದರ ಅಂಕಿ ನೀವು ನಿರೀಕ್ಷಿಸುವಷ್ಟು ಮೇಲೇರುವುದಿಲ್ಲ. ಅರ್ಧ ಅಥವಾ ಕಾಲು ಪೆನ್ನಿಗಾಗಿ ಅದನ್ನೇ ಕತ್ತರಿಸಿದ ತುಂಡಾದರಂತೂ ಕೇಳಿಸುವುದೇ ಕಷ್ಟ.

ಆದ್ದರಿಂದ ಅಂಕಿಗಿಂತ ಕಿವಿಯನ್ನು ನಂಬಿ, ಹೆಡ್‌ಫೋನ್ ಹಾಕಿಕೊಳ್ಳಿ. ಒಂದು ದಿಕ್ಕಿನಲ್ಲಿ ಬೀಸಿದಾಗಲೂ, ನೀವು ತೊಂಬತ್ತು ಡಿಗ್ರಿ ತಿರುಗಿ ನಿಂತು ಬೀಸಿದಾಗಲೂ ಸದ್ದು ಒಂದೇ ರೀತಿ ಗುಂಡಗೆ, ಚಿಕ್ಕದಾಗಿ ಬಂದರೆ ಅಗೆಯಲು ಯೋಗ್ಯ. ಒಡೆದು ಒಡೆದು ಬಂದರೆ ಹೆಚ್ಚಾಗಿ ತುಕ್ಕುಹಿಡಿದ ಮೊಳೆ. ತಟ್ಟೆಯನ್ನು ನೆಲಕ್ಕೆ ಸಮಾನಾಂತರವಾಗಿ, ಹುಲ್ಲನ್ನು ಸವರುವಷ್ಟು ಕೆಳಗೆ ಹಿಡಿಯಿರಿ. ಹೊಸಬರು ಬೀಸಿನ ಎರಡು ಕೊನೆಗಳಲ್ಲಿ ಅದನ್ನು ಮೇಲೆತ್ತುವುದರಿಂದ ಅರ್ಧ ನೆಲವನ್ನು ಕೇಳದೆಯೇ ದಾಟಿಹೋಗುತ್ತಾರೆ. ಒಂಟಿ ನಾಣ್ಯ ಸಾಮಾನ್ಯವಾಗಿ ಒಂದು ಗೇಣಿನೊಳಗೇ ಸಿಗುತ್ತದೆ, ಅದಕ್ಕಿಂತ ಆಳ ಹೋಗುವ ಅಗತ್ಯವೂ ಇಲ್ಲ, ಹೋಗಲೂಬಾರದು. ನೇಗಿಲು ಈಗಾಗಲೇ ಕಲಕಿರುವ ಮಣ್ಣಿನಲ್ಲಿ ಹುಡುಕುವುದರಿಂದ ಹಾನಿ ಕಡಿಮೆ. ಅದರ ಕೆಳಗಿನ ಕಲಕದ ಪದರದಲ್ಲಿ ಏನಾದರೂ ಕಂಡರೆ ಕೈ ತೆಗೆದು ಪ್ರಾಂತ್ಯದ ಅಧಿಕಾರಿಗೆ ಕರೆ ಮಾಡಿ. ಹುಲ್ಲುನೆಲವಾದರೆ ಮೂರು ಬದಿ ಮಾತ್ರ ಕೊಯ್ದು ಹೆಂಟೆಯನ್ನು ಮಗುಚಿ, ಮಣ್ಣನ್ನು ಹಾಳೆಯ ಮೇಲೆ ಹಾಕಿಕೊಂಡು, ಕೆಲಸ ಮುಗಿದ ಮೇಲೆ ಎಲ್ಲವನ್ನೂ ತುಂಬಿ ಕಾಲಿನಿಂದ ಒತ್ತಿ. ಉಂಗುರಗಳನ್ನೂ ಸೀಸದ ಚೂರುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. ದನ ಮೇಯುವ ಹೊಲದ ರೈತನಿಗೆ ನಿಮ್ಮ ನಾಣ್ಯಕ್ಕಿಂತ ಅದರಿಂದಲೇ ಹೆಚ್ಚು ಸಂತೋಷವಾಗುತ್ತದೆ.

ಪ್ರಶ್ನೆ: ಅನುಮತಿ ಪಡೆದ ಹೊಲದಲ್ಲಿ ಎರಡು ಬಿಲ್ಲೆಗಳು ಸಿಕ್ಕಿವೆ. ಒಂದು ತೆಳು ಹಿತ್ತಾಳೆಯದು: ನಡುವೆ ಗುಲಾಬಿ, ಸುತ್ತ ಕಿರೀಟಗಳು, ಹಿಂಬದಿಯಲ್ಲಿ ಶಿಲುಬೆ ಹೊತ್ತ ಗೋಳ. ಇನ್ನೊಂದು ಚಿಕ್ಕ ತಾಮ್ರದ್ದು: ಮೇಲೊಂದು, ಕೆಳಗೆರಡು ಅಕ್ಷರಗಳಿವೆ. ಯಾವುದರಲ್ಲೂ ರಾಜನ ಮುಖವಿಲ್ಲ. ಇವು ನಾಣ್ಯಗಳೇ?
— ಓದುಗರೊಬ್ಬರು, ಸ್ವಿಂಡನ್

ಉತ್ತರ: ಎರಡೂ ಅಧಿಕೃತ ನಾಣ್ಯಗಳಲ್ಲ. ನನ್ನ ಮಟ್ಟಿಗೆ ಅದೇ ಅವುಗಳ ಸೊಗಸು.

ಮೊದಲನೆಯದು ಜರ್ಮನಿಯ ನ್ಯೂರೆಂಬರ್ಗಿನಲ್ಲಿ ತಯಾರಾದ ಜೆಟನ್, ಅಂದರೆ ಲೆಕ್ಕದ ಬಿಲ್ಲೆ. ಗೆರೆಗಳನ್ನೆಳೆದ ಮೇಜಿನ ಅಥವಾ ಬಟ್ಟೆಯ ಮೇಲೆ ಬಿಲ್ಲೆಗಳನ್ನು ಸರಿಸುತ್ತ ಕೂಡಿ ಕಳೆಯುವ ಪದ್ಧತಿ ಯೂರೋಪಿನಲ್ಲಿ ಬಹುಕಾಲ ಇತ್ತು, ಬರಹದ ಅಂಕಿಗಳ ಲೆಕ್ಕ ಬಳಕೆಗೆ ಬಂದಂತೆ ಅದು ಹಿಂದೆ ಸರಿಯಿತು. ಅಂಚಿನ ಅಕ್ಷರಗಳನ್ನು ಓರೆ ಬೆಳಕಿನಲ್ಲಿ ಓದಿ ನೋಡಿ. ಅಲ್ಲಿ ಕ್ರೌವಿಂಕೆಲ್ ಎಂಬ ಹೆಸರು ಕಂಡರೆ ಅದು 16ನೆಯ ಶತಮಾನದ ಕೊನೆ, 17ನೆಯದರ ಆರಂಭದಲ್ಲಿ ಇವುಗಳನ್ನು ಅಪಾರವಾಗಿ ತಯಾರಿಸಿದ ಮನೆತನದ್ದು. ಕೆಲವದರಲ್ಲಿ ದೇವರ ಆಶೀರ್ವಾದವೇ ಸಿರಿ ತರುತ್ತದೆ ಎಂಬಂತಹ ಜರ್ಮನ್ ಮಾತುಗಳಿರುತ್ತವೆ.

ಎರಡನೆಯದು ಇನ್ನೂ ಸ್ವಾರಸ್ಯದ್ದು. 1640ರ ದಶಕದ ಅಂತರ್ಯುದ್ಧ, 1649ರಲ್ಲಿ ದೊರೆಯ ಶಿರಚ್ಛೇದ ಇವುಗಳ ನಡುವೆ ಇಂಗ್ಲೆಂಡಿನಲ್ಲಿ ಸಣ್ಣ ಚಿಲ್ಲರೆಯನ್ನು ಟಂಕಿಸುವವರೇ ಇಲ್ಲವಾದರು. ರೊಟ್ಟಿ, ಬಿಯರ್, ಮೇಣದ ಬತ್ತಿ ಮಾರುವವರು ಚಿಲ್ಲರೆಯಿಲ್ಲದೆ ವ್ಯಾಪಾರ ನಡೆಸುವುದೆಂತು? ತಮ್ಮ ತಮ್ಮ ಹೆಸರಿನಲ್ಲೇ ಕಾಲು ಪೆನ್ನಿ, ಅರ್ಧ ಪೆನ್ನಿಯ ಟೋಕನ್‌ಗಳನ್ನು ಹೊರಡಿಸಿದರು. ನಡುವಿನ ಮೂರಕ್ಷರಗಳಲ್ಲಿ ಮೇಲಿನದು ಮನೆತನದ ಹೆಸರಿನ ಮೊದಲಕ್ಷರ, ಕೆಳಗಿನ ಎರಡು ಗಂಡ ಮತ್ತು ಹೆಂಡತಿಯ ಹೆಸರಿನವು. ಆ ಕಾಲದ ಸರ್ಕಾರಿ ನಾಣ್ಯಗಳಲ್ಲಿ ಅಂಗಡಿಕಾರನಿರಲಿ, ಅವನ ಹೆಂಡತಿಗೆ ಎಲ್ಲಿಯ ಸ್ಥಾನ? ಸುತ್ತಲೂ ಊರಿನ ಹೆಸರು, ಇನ್ನೊಂದು ಬದಿಯಲ್ಲಿ ಕಸುಬಿನ ಗುರುತು ಇರಬೇಕು. ಆ ಹೆಸರನ್ನು ಚರ್ಚಿನ ಮದುವೆ ದಾಖಲೆಗಳಲ್ಲಿ ಹುಡುಕಿದರೆ ದಂಪತಿ ಸಿಕ್ಕಿಬಿಡುವ ಸಾಧ್ಯತೆ ನಿಜವಾಗಿಯೂ ಇದೆ. 1672ರಲ್ಲಿ ಎರಡನೆಯ ಚಾರ್ಲ್ಸ್ ತಾಮ್ರದ ಅರ್ಧ ಪೆನ್ನಿ, ಕಾಲು ಪೆನ್ನಿಗಳನ್ನು ಹೊರಡಿಸಿ ಖಾಸಗಿ ಟೋಕನ್‌ಗಳನ್ನು ನಿಷೇಧಿಸಿದನು. ಆದ್ದರಿಂದ ನಿಮ್ಮದು ಅದಕ್ಕೂ ಹಿಂದಿನದು. ಮುಂದೆ ಮತ್ತೆ ಚಿಲ್ಲರೆಗೆ ಬರ ಬಂದಾಗ, 1787ರಲ್ಲಿ ಆಂಗ್ಲ್‌ಸಿ ದ್ವೀಪದ ಪ್ಯಾರಿಸ್ (Parys) ಎಂಬ ಬೆಟ್ಟದ ತಾಮ್ರ ಗಣಿಯವರು ಗಡ್ಡಧಾರಿ ಡ್ರೂಯಿಡ್ ಪುರೋಹಿತನ ಚಿತ್ರದ ಟೋಕನ್‌ಗಳನ್ನು ತಂದರು. ಅವು ದೊಡ್ಡವು, ದಪ್ಪನೆಯವು, ನಿಮ್ಮದರ ಜೊತೆ ಗೊಂದಲವಾಗುವ ಭಯವಿಲ್ಲ.

ಪ್ರಶ್ನೆ: ಹೊಲದಲ್ಲಿ ಸಿಕ್ಕ ತಾಮ್ರದ ನಾಣ್ಯವನ್ನು ನಮ್ಮ ಅತ್ತೆಯವರು ಹುಣಸೆಹಣ್ಣು ಹಾಕಿ ಉಜ್ಜಿಕೊಡುವುದಾಗಿ ಹೇಳುತ್ತಿದ್ದಾರೆ. ಉಜ್ಜಿಸಬಹುದೇ?
— ಓದುಗರೊಬ್ಬರು, ರೆಡಿಂಗ್

ಉತ್ತರ: ದಯವಿಟ್ಟು ಬೇಡ. ದೇವರ ಮನೆಯ ತಂಬಿಗೆಗೆ ಸರಿಯಾದದ್ದು ನಾಣ್ಯಕ್ಕೆ ಸಲ್ಲುವುದಿಲ್ಲ. ಮಣ್ಣಿನಲ್ಲಿ ಶತಮಾನಗಳ ಕಾಲ ಇದ್ದ ತಾಮ್ರದ ಮೇಲ್ಮೈ ಹಸಿರು, ಕಂದು ಪದರವಾಗಿ ಬದಲಾಗಿರುತ್ತದೆ, ಅಕ್ಷರಗಳು ಉಳಿದಿರುವುದು ಅನೇಕ ವೇಳೆ ಆ ಪದರದಲ್ಲಿಯೇ. ಹುಳಿ ಅದನ್ನು ಕರಗಿಸಿದರೆ ಕೈಯಲ್ಲಿ ಉಳಿಯುವುದು ಹೊಳೆಯುವ ಬೋಳು ಬಿಲ್ಲೆ. ಹೊಲದಲ್ಲಿ ಬೆರಳಿನಿಂದ ತಿಕ್ಕುವುದೂ ತಪ್ಪು, ಮರಳಿನ ಕಣಗಳು ಗೀರುತ್ತವೆ. ಮಣ್ಣುಸಹಿತ ಪುಟ್ಟ ಡಬ್ಬಿಯಲ್ಲಿಟ್ಟು ದಾಖಲಾತಿ ಅಧಿಕಾರಿಗೆ ತೋರಿಸಿ, ಅವರು ಹೇಳಿದಂತೆ ಮಾಡಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ನಮ್ಮ ಹೊಲದ ಪಕ್ಕದಲ್ಲಿ ಹಾಳೂರಿನ ದಿಬ್ಬವಿದೆ. ಮಳೆಗಾಲದಲ್ಲಿ ಅಲ್ಲಿ ಮಡಕೆ ಚೂರುಗಳೂ ಒಮ್ಮೊಮ್ಮೆ ನಾಣ್ಯಗಳೂ ಕಾಣುತ್ತವೆಂದು ಹಿರಿಯರು ಹೇಳುತ್ತಾರೆ. ಆನ್‌ಲೈನ್‌ನಲ್ಲಿ ಡಿಟೆಕ್ಟರ್ ತರಿಸಿ ನಮ್ಮದೇ ಹೊಲದಲ್ಲಿ ಹುಡುಕಿದರೆ ತಪ್ಪೇನು?
— ಓದುಗರೊಬ್ಬರು, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಕುತೂಹಲದಲ್ಲಿ ತಪ್ಪಿಲ್ಲ. ಆದರೆ ಮೇಲೆ ಹೇಳಿದ ಇಂಗ್ಲೆಂಡಿನ ವ್ಯವಸ್ಥೆಯಂಥದು ನಮ್ಮಲ್ಲಿಲ್ಲ. ಹವ್ಯಾಸಿಗಳಿಂದ ಬಿಡಿ ವಸ್ತುಗಳನ್ನು ದಾಖಲಿಸಿಕೊಂಡು ಹಿಂದಿರುಗಿಸುವ ಅಧಿಕಾರಿ ತಾಲ್ಲೂಕಿನಲ್ಲಿ ಇರುವುದಿಲ್ಲ. ಹೊಲ ನಿಮ್ಮದಾದರೂ ಅದರಡಿಯ ನಿಧಿ ನಿಮ್ಮ ಇಚ್ಛೆಗೆ ಬಿಟ್ಟದ್ದಲ್ಲ. 1878ರ ಭಾರತೀಯ ನಿಧಿ ಕಾಯ್ದೆ, ನಮ್ಮ ರಾಜ್ಯದಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ, ಇವುಗಳ ಪ್ರಕಾರ ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಸಿಕ್ಕಿದವರ ಕರ್ತವ್ಯ, ಮುಚ್ಚಿಡುವುದು ಶಿಕ್ಷಾರ್ಹ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತವಾದ ಪ್ರದೇಶದಲ್ಲಿ ಪರವಾನಗಿಯಿಲ್ಲದೆ ಅಗೆಯುವಂತಿಲ್ಲ, ಸ್ಮಾರಕದ ಸುತ್ತಲಿನ 100 ಮೀಟರ್‌ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್‌ ನಿಯಂತ್ರಿತ ಪ್ರದೇಶ. ನಿಮ್ಮ ಸೀಮೆಯಲ್ಲಿ, ಆನೆಗೊಂದಿ ಹಂಪೆಗಳ ಆಸುಪಾಸಿನಲ್ಲಿ, ಇಂತಹ ಸ್ಥಳಗಳು ಎಷ್ಟಿವೆಯೆಂದು ನಾನು ಹೇಳಬೇಕಾಗಿಲ್ಲ.

ಕಾನೂನು ಒತ್ತಟ್ಟಿಗಿರಲಿ. ನಮ್ಮ ನಾಡಿನಲ್ಲಿ ನಿಧಿಗಳ್ಳರು ಗರ್ಭಗುಡಿಯ ಪೀಠ ಕಿತ್ತು, ಬಸವಣ್ಣನ ವಿಗ್ರಹ ಒಡೆದು, ವೀರಗಲ್ಲು ಉರುಳಿಸಿ ಮಾಡಿರುವ ಹಾನಿ ಊರೂರಿನಲ್ಲಿ ಕಣ್ಣಿಗೆ ಕಾಣುತ್ತದೆ. ದಿಬ್ಬದ ಮೇಲೆ ಯಂತ್ರ ಹಿಡಿದು ನಿಂತವನನ್ನು ಜನರೂ ಪೊಲೀಸರೂ ಆ ಸಾಲಿನಲ್ಲೇ ಸೇರಿಸುತ್ತಾರೆ, ಹಾಗೆ ಸೇರಿಸುವುದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಶಾತವಾಹನರ ನಾಣ್ಯಗಳೂ ಸಿಕ್ಕಿವೆ, ಅಲ್ಲಿ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ನಾಣ್ಯ ಯಾವ ಪದರದಲ್ಲಿ, ಯಾವ ಬಗೆಯ ಮಡಕೆಯ ಜೊತೆಗೆ ಇತ್ತೆಂದು ತಿಳಿದಾಗ ಮಾತ್ರ ಆ ಮಡಕೆಗೂ ಪದರಕ್ಕೂ ಕಾಲ ಕಟ್ಟಲು ಸಾಧ್ಯವಾಗುತ್ತದೆ. ಅದೇ ನಾಣ್ಯವನ್ನು ಯಾರೋ ರಾತ್ರಿ ಬಗೆದು ಅಕ್ಕಸಾಲಿಗರಿಗೆ ಮಾರಿದ್ದರೆ ನಮಗೆ ಉಳಿಯುತ್ತಿದ್ದದ್ದು ಒಂದು ಗುಂಡಿ.

ನೀವು ಮಾಡಬಹುದಾದದ್ದು ಇದು: ಮಳೆಯ ನಂತರ ಮೇಲೆಯೇ ಕಂಡ ನಾಣ್ಯದ ಫೋಟೋವನ್ನು ಇದ್ದ ಜಾಗದಲ್ಲೇ ತೆಗೆದು, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೂ ರಾಜ್ಯದ ಪುರಾತತ್ವ ಇಲಾಖೆಗೂ ತಿಳಿಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಪತ್ರ ಪಡೆಯಿರಿ. ನಾಣ್ಯಗಳನ್ನು ಕೈಯಲ್ಲಿ ಹಿಡಿಯುವ ಆಸೆಯಿದ್ದರೆ ನಾಣ್ಯ ಪ್ರದರ್ಶನಗಳಿಗೆ ಹೋಗಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಆನೆ ಅಥವಾ ಸಿಂಹದ ಚಿತ್ರವಿರುವ, ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದು ಬರೆದಿರುವ ತಾಮ್ರದ ನಾಣ್ಯದಿಂದ ಆರಂಭಿಸಿದರೆ ಜೇಬಿಗೂ ಹೊರೆಯಲ್ಲ, ಓದಲೂ ಸುಲಭ. ಒಂದು ಎಚ್ಚರ: 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ರಜೆಗೆ ಊರಿಗೆ ಬರುವ ವಿದೇಶದ ಓದುಗರಿಗೂ ಇದು ಅನ್ವಯಿಸುತ್ತದೆ.

ಪ್ರಶ್ನೆ: ಕೆಂಟ್ ಪ್ರಾಂತ್ಯದ ಡೀಲ್ ಊರಿನ ಹಳೆಯ ಸಾಮಾನುಗಳ ಸಂತೆಯಲ್ಲಿ ಮಸುಕಾದ ತಾಮ್ರದ ನಾಣ್ಯವೊಂದನ್ನು ಕೊಂಡೆ. ಒಂದು ಬದಿಯಲ್ಲಿ ಸಿಂಹಗಳ ಲಾಂಛನ ಮತ್ತು 1808 ಎಂಬ ವರ್ಷ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಲಿಪಿಯಂತಹ ಬರಹ. ಇಂಗ್ಲೆಂಡಿನ ಕಡಲತೀರಕ್ಕೆ ಇದು ಹೇಗೆ ಬಂತು?
— ಓದುಗರೊಬ್ಬರು, ಕ್ಯಾಂಟರ್ಬರಿ

ಉತ್ತರ: ನಿಮ್ಮ ಕೈಯಲ್ಲಿರುವುದು ನಮ್ಮ ಕಡೆಗೆ ಹೊರಟು ದಾರಿಯಲ್ಲೇ ಉಳಿದ ಚಿಲ್ಲರೆ. ಮದ್ರಾಸ್ ಆಧಿಪತ್ಯಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯು ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಅವರ ಸೋಹೋ ಟಂಕಸಾಲೆಯಲ್ಲಿ, ಉಗಿಯಂತ್ರದಿಂದ ನಡೆಯುವ ಅಚ್ಚುಗಳಲ್ಲಿ, 10 ಮತ್ತು 20 ಕಾಸಿನ ತಾಮ್ರದ ನಾಣ್ಯಗಳನ್ನು ಮಾಡಿಸಿತು. ಅವುಗಳನ್ನು ಹೊತ್ತ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು 1809ರ ಜನವರಿಯ ಬಿರುಗಾಳಿಯಲ್ಲಿ ಡೀಲ್ ಎದುರಿನ ಗುಡ್‌ವಿನ್ ಮರಳುದಿಣ್ಣೆಗಳಿಗೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅದನ್ನು ಪತ್ತೆಮಾಡಿ ಲಕ್ಷಾಂತರ ನಾಣ್ಯಗಳನ್ನು ಮೇಲೆತ್ತಿದರು, ಅವು ಮಾರುಕಟ್ಟೆಗೆ ಬಂದವು. ಆದ್ದರಿಂದಲೇ ನಿಮಗೆ ಅದು ಅಗ್ಗವಾಗಿ ಸಿಕ್ಕಿರಬೇಕು. ಸಮುದ್ರದಲ್ಲಿ ಇದ್ದುದರಿಂದ ಮೇಲ್ಮೈ ಕಳೆಗುಂದಿದೆ.

ಪರ್ಷಿಯನ್ ಬರಹವು ಕಾಸಿಗೂ ಫಲೂಸ್ ಎಂಬ ತಾಮ್ರದ ಚಿಲ್ಲರೆಗೂ ಇರುವ ಲೆಕ್ಕ ಹೇಳುತ್ತದೆ: ನಾಣ್ಯ ದೊಡ್ಡದಾಗಿದ್ದರೆ ‘ಇಪ್ಪತ್ತು ಕಾಸು ನಾಲ್ಕು ಫಲೂಸ್ ಆಗುತ್ತದೆ’ ಎಂದು, ಚಿಕ್ಕದಾಗಿದ್ದರೆ ‘ಹತ್ತು ಕಾಸು ಎರಡು ಫಲೂಸ್’ ಎಂದು ಬರೆದಿರುತ್ತದೆ. ಮದ್ರಾಸಿನ ಲೆಕ್ಕದಲ್ಲಿ 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಾಹ. ಆಗ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಹಡಗು ಮುಳುಗದಿದ್ದರೆ ನಿಮ್ಮ ನಾಣ್ಯ ಮಂಗಳೂರಿನ ಯಾವುದಾದರೂ ಅಂಗಡಿಯಲ್ಲಿ ಕೈ ಬದಲಾಯಿಸಿರಲೂ ಸಾಕಿತ್ತು.

ಸಂತೆಯಲ್ಲಿ ಕೊಂಡದ್ದಾದ್ದರಿಂದ ನೀವು ಯಾರಿಗೂ ವರದಿ ಮಾಡಬೇಕಿಲ್ಲ, ರಸೀದಿಯಿದ್ದರೆ ನಾಣ್ಯದ ಜೊತೆಗೇ ಇಡಿ. ಆದರೆ ಅಂಥದ್ದೇ ನಾಣ್ಯ ಮುಂದೆಂದಾದರೂ ತೀರದಲ್ಲಿ ನಿಮ್ಮ ಯಂತ್ರಕ್ಕೆ ಸಿಕ್ಕರೆ ವಿಚಾರ ಬೇರೆ. ಮುಳುಗಿದ ಹಡಗಿನ ಸರಕಿಗೆ 1996ರ ನಿಧಿ ಕಾಯ್ದೆ ಅನ್ವಯಿಸುವುದಿಲ್ಲ, 1995ರ ವಾಣಿಜ್ಯ ಹಡಗು ಕಾಯ್ದೆಯಂತೆ 28 ದಿನಗಳೊಳಗೆ ರಿಸೀವರ್ ಆಫ್ ರೆಕ್ ಎಂಬ ಅಧಿಕಾರಿಗೆ ತಿಳಿಸಬೇಕು. ಹಡಗು ಬಿದ್ದಿರುವ ಜಾಗ ಈಗ ಸಂರಕ್ಷಿತ, ಪರವಾನಗಿಯಿಲ್ಲದೆ ಅಲ್ಲಿ ಮುಳುಗುವಂತಿಲ್ಲ.